ತಾಯಂದಿರಿಲ್ಲದ ರಾಜಿ

೧೧ ಮೇ ೨೦೨೫, ಭಾನುವಾರ. ಹಲವಾಗಲು.

ಗಡಿಯಲ್ಲಿ ನಿನ್ನೆಯಿಂದ ಗುಂಡಿನ ದಾಳಿ ನಿಂತಿದೆ. ಪಕ್ಕದ ಮನೆಯ ಜಂಬಯ್ಯನಿಗೆ ಅದೇ ಸಿಟ್ಟು.

"ಇನ್ನೆಲ್ಡು ದಿನ ಬಾರಿಸಬೇಕಾಗಿತ್ತು ನೋಡಕ್ಕಾ."

"ನಿನ್ನ ಮಗನ್ನ ಕಳಿಸ್ತೀಯೇನಲೇ?" ಎಂದೆ.

"ಅವಂಗ ಕಣ್ಣು ಮಂಜು ಐತಕ್ಕಾ."

ನನ್ನ ಮಗ ಮೈಲಾರೇಶನ ಕಣ್ಣುಗಳು ಚೆನ್ನಾಗಿದ್ದವು. ಸೇನೆಗೆ ಆರಿಸಿಕೊಂಡರು, ಎರಡು ವರ್ಷದ ಹಿಂದೆ ಧ್ವಜ ಸುತ್ತಿದ ಪೆಟ್ಟಿಗೆಯಲ್ಲಿ ಕಳಿಸಿದರು.

ನಮ್ಮಲ್ಲಿ ಕುರಿ ಮೇವಿಗಾಗಿ ಎರಡು ಊರು ಬಡಿದಾಡಿ ಹೆಣ ಬಿದ್ದರೆ, ಸತ್ತವನ ತಾಯಿಯೇ ಕೊಂದವನ ತಾಯಿಯ ಹಣೆಗೆ ಮೈಲಾರ ದೇವರ ಅರಿಶಿನ ಭಂಡಾರ ಹಚ್ಚಬೇಕು. ಅಲ್ಲಿಯವರೆಗೆ ಹಿರಿಯರ ರಾಜಿ ರಾಜಿಯೇ ಅಲ್ಲ. ದೇಶಗಳು ರಾಜಿಯಾಗುವಾಗ ತಾಯಂದಿರನ್ನು ಯಾರೂ ಕರೆಯುವುದಿಲ್ಲ. ಅದಕ್ಕೇ ಅದು ಶಾಂತಿಯಲ್ಲ, ಮುಂದಿನ ಯುದ್ಧದವರೆಗಿನ ಬಿಡುವು.

ಇಷ್ಟು ಬರೆದ ಮೇಲೆ ನನ್ನ ಮೇಲೇ ಹೇಸಿಕೆಯಾಗುತ್ತಿದೆ. ಕರೆದಿದ್ದರೆ ಹೋಗುತ್ತಿದ್ದೆನೇ? ಮೈಲಾರೇಶನನ್ನು ಕೊಂದವನಿಗೂ ಒಬ್ಬ ತಾಯಿ ಇರುತ್ತಾಳೆ. ಅವಳ ಹಣೆಯನ್ನು ಕಲ್ಪಿಸಿಕೊಂಡೆ. ಭಂಡಾರ ಹಚ್ಚಲು ಕೈ ಏಳಲಿಲ್ಲ.