ತೇಲುವುದು, ಮುಳುಗುವುದು

ತಾಂಡವಪುರ
೧೧-೨-೧೯೯೮, ಬುಧವಾರ

ಚಿ. ಸೌ. ಮಧುಶ್ರೀಗೆ ಅತ್ತೆ ಚನ್ನಾಜಮ್ಮನ ಆಶೀರ್ವಾದ.

ಹೆಮ್ಮಿಗೆಯ ತವರು ಸೇರಿದ ಮೇಲೆ ತಲೆನೋವು ಹೇಗಿದೆ? ಹೊರಟ ದಿನ ನೀನು ಹಣೆಗೆ ಬಟ್ಟೆ ಬಿಗಿದುಕೊಂಡೇ ಒಲೆ ಹಚ್ಚಿದ್ದೆ, ನಾನು ನೋಡಿದೆ. ನಿಮ್ಮ ತಾಯಿಯವರ ಮಂಡಿಗೆ ಎಣ್ಣೆ ಕಾಯಿಸಿ ತಿಕ್ಕು, ಅವರು ಬೇಡವೆಂದರೂ ಬಿಡಬೇಡ. ಇಲ್ಲಿ ನಂಜುಂಡೇಶ್ವರನ ದಯೆಯಿಂದ ಎಲ್ಲರೂ ಆರೋಗ್ಯ. ಬಸವೇಶನಿಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಈ ವಾರ ಎರಡನೇ ಪಾಳಿ. ನೀನು ಮಾಡಿಟ್ಟು ಹೋದ ಹುಣಸೆತೊಕ್ಕನ್ನೇ ಕಲಸಿಕೊಂಡು ತಿನ್ನುತ್ತಾನೆ, ನನ್ನ ಸಾರನ್ನು ಮುಟ್ಟುವುದಿಲ್ಲ. ಕೆಂದ ಹಸುವಿಗೆ ನಿನ್ನ ಕೈ ರೂಢಿಯಾಗಿಬಿಟ್ಟಿದೆ. ನಾನು ಕರೆಯಲು ಕೂತರೆ ಒದೆಯುತ್ತದೆ, ಹಾಲನ್ನು ಕಟ್ಟಿಕೊಳ್ಳುತ್ತದೆ. ನೀನು ತಾಯಿಯ ಆರೈಕೆಗೆ ಹೋಗಿದ್ದೀಯೆಂದು ಬಸವೇಶ ನಂಬಿದ್ದಾನೆ. ಹಾಗೆಂದು ಮಗನಿಗೆ ಹೇಳಿದವಳು ನಾನೇ.

ಸೋಮವಾರದ ವಿಷಯ ಬರೆಯಲೆಂದೇ ಕೂತೆ. ಪೆನ್ನು ಮಾತ್ರ ಹಸುವಿನ ಕಡೆಗೇ ಓಡುತ್ತಿದೆ.

ನೀನು ವಿಶ್ವವಿದ್ಯಾಲಯದ ಶಿಕ್ಷಕ ತರಬೇತಿಗೆ ಸೇರಿದ ದಿನದಿಂದ ಊರಲ್ಲಿ ನಾನು ಎಷ್ಟು ಜಂಬ ಕೊಚ್ಚಿಕೊಂಡಿದ್ದೇನೆಂದು ನಿನಗೆ ಗೊತ್ತಿಲ್ಲ. ನಿನ್ನೆದುರು ಒಂದು ಒಳ್ಳೆಯ ಮಾತೂ ಆಡಿರಲಿಲ್ಲ. ಸೊಸೆಯನ್ನು ಎದುರಿಗೇ ಹೊಗಳಿದರೆ ಕೆಡುತ್ತಾಳೆಂದು ನಮ್ಮತ್ತೆ ಹೇಳುತ್ತಿದ್ದರು. ಕೊನೆಯ ಪಾಠ ಪರೀಕ್ಷೆ ನಮ್ಮೂರ ಶಾಲೆಯಲ್ಲೇ, ಮೈಸೂರಿಂದ ಇಂದ್ರಾಣಿ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ, ಅದರಲ್ಲಿ ಸೋತರೆ ವರ್ಷವೇ ಹೋಗುತ್ತದೆ ಎಂದು ನೀನು ಹೇಳಿದಾಗ ನನಗೆ ನಿದ್ದೆ ಹತ್ತಲಿಲ್ಲ. ಭಾನುವಾರ ನೀನು ಚಾರ್ಟು ತರಲು ನಂಜನಗೂಡಿಗೆ ಹೋದೆಯಲ್ಲ, ಮೂರನೇ ಕ್ಲಾಸಿಗೆ ತೋರಿಸಲು ಜೋಡಿಸಿಟ್ಟಿದ್ದ ನಿನ್ನ ಸಾಮಾನಿನ ಮಂಕರಿಯನ್ನು ಬಚ್ಚಲಿಗೆ ಹೊತ್ತುಕೊಂಡು ಹೋಗಿ ಒಂದೊಂದನ್ನೂ ಹಂಡೆಗೆ ಬಿಟ್ಟು ನೋಡಿದೆ. ಕಲ್ಲು ಮುಳುಗಿತು, ಸರಿ. ತೆಂಗಿನ ಚಿಪ್ಪು ತೇಲಿತು, ಸರಿ. ಹುಣಸೆಬೀಜ ಅಷ್ಟು ಪುಟ್ಟದು, ತಳ ಸೇರಿತು. ಆ ಕುಂಬಳಕಾಯಿಯನ್ನು ಎರಡು ಕೈಯಲ್ಲಿ ಎತ್ತಿ ಬಿಟ್ಟರೆ ತೇಲಿತು! ಅದುಮಿದೆ, ಮತ್ತೆ ಎದ್ದಿತು. ಈ ವಯಸ್ಸಿನವರೆಗೆ ಎಷ್ಟೊಂದು ಕುಂಬಳಕಾಯಿ ಹೆಚ್ಚಿದ್ದೇನೆ, ಒಂದನ್ನೂ ನೀರಿಗೆ ಬಿಟ್ಟು ನೋಡಿರಲಿಲ್ಲ. ಬಚ್ಚಲಲ್ಲಿ ಒಬ್ಬಳೇ ನಕ್ಕುಬಿಟ್ಟೆ.

ಸಂಜೆ ನೀನು ಬರುವುದರೊಳಗೆ ನಿನ್ನ ಕ್ಲಾಸಿನ ಮಕ್ಕಳನ್ನು ಜಗಲಿಗೆ ಕರೆಸಿ, ಹುರಿಗಡಲೆ ಬೆಲ್ಲ ಕೊಟ್ಟು, ಯಾವುದು ತೇಲುತ್ತದೆ ಯಾವುದು ಮುಳುಗುತ್ತದೆ ಎಂದು ಸಾಲಾಗಿ ಬಾಯಿಪಾಠ ಮಾಡಿಸಿದೆ. ತಪ್ಪು ಹೇಳಿದವರ ಕಿವಿ ಹಿಂಡುತ್ತೇನೆಂದೂ ಹೆದರಿಸಿದೆ. ನಾನು ಹೈಸ್ಕೂಲು ಓದುವಾಗ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ನಮ್ಮ ಮೇಷ್ಟ್ರು ಮಾಡಿಸುತ್ತಿದ್ದುದೂ ಇದನ್ನೇ. ಎದ್ದು ನಿಂತು ಪಟಪಟನೆ ಹೇಳುತ್ತಿದ್ದವಳು ನಾನೇ. ಪರೀಕ್ಷೆಗೆ ಸಿದ್ಧವಾಗುವುದೆಂದರೆ ಇದೇ ಎಂದುಕೊಂಡಿದ್ದೆ. ಎದುರುಮನೆ ಚಲುವಮ್ಮ ನೀರು ಹೊತ್ತುಕೊಂಡು ಹೋಗುತ್ತಾ, "ಏನ್ ಚನ್ನಾಜಮ್ಮಾರೇ, ನಾಳಿನ್ ಪಾಠ ಸೊಸೇದೋ ನಿಮ್ದೋ?" ಎಂದು ಕಿಚಾಯಿಸಿದಳು. "ಪಾಠ ಅವ್ಳುದು, ಮರ್ವಾದೆ ಇಬ್ರುದೂವೆ ಕಣಮ್ಮಿ" ಅಂದೆ. ಎಷ್ಟು ಜೋರಾಗಿ ಅಂದೆ ಗೊತ್ತೇ? ಬೀದಿಯ ಕೊನೆಗೂ ಕೇಳಿರಬೇಕು.

ಸೋಮವಾರ ನಿನ್ನ ವೈಭವ ನೋಡಲು ಕಿಟಕಿಯ ಹೊರಗೆ ಬಂದು ನಿಂತೆ. ನೀನು ಕುಂಬಳಕಾಯಿ ಎತ್ತಿ ಹಿಡಿದು, ಇದು ಏನಾಗಬಹುದು ಎಂದು ಕೇಳುವ ಮೊದಲೇ "ತೇಲ್ತದೆ ಮಿಸ್" ಎಂದು ಕ್ಲಾಸೆಲ್ಲ ಕೂಗಿತು. ಬೋರಯ್ಯನ ಮೊಮ್ಮಗಳಂತೂ ಮಂಕರಿಯಿಂದ ಇನ್ನೂ ಆಚೆಗೆ ಬಾರದವನ್ನೂ ಸಾಲಾಗಿ ಒಪ್ಪಿಸಿಬಿಟ್ಟಳು. ಇಂದ್ರಾಣಿ ಮೇಡಂ ಎದ್ದು ಬಂದು ಮೇಜಿನ ಮೇಲಿದ್ದ ಸೀಮೆಸುಣ್ಣ ತೋರಿಸಿ, ಇದು? ಎಂದರು. "ಇದುನ್ನ ನಮ್ಗೆ ಯೋಳ್ಕೊಟ್ಟಿಲ್ಲ ಕಣ್ ಮಿಸ್" ಎಂದಳು ಅದೇ ಹುಡುಗಿ. ಮಕ್ಕಳೆಲ್ಲ ಕಿಟಕಿಯ ಕಡೆ ತಿರುಗಿದರು. ನೀನೂ ತಿರುಗಿದೆ. ನಿನಗೆ ಅರ್ಥವಾದದ್ದು ನನಗೂ ಅರ್ಥವಾಯಿತು. ಉತ್ತರ ಹೇಳಿಕೊಟ್ಟು ಪಾಠಕ್ಕೆ ಬರುತ್ತೀರಾ ಎಂದು ಮೇಡಂ ಕೇಳಿದರೆ ನೀನು, "ಹೌದು ಮೇಡಂ, ನಾನೇ ಹೇಳ್ಕೊಟ್ಟೆ" ಅಂದುಬಿಟ್ಟೆಯಲ್ಲ ಮಗಳೇ.

ನನ್ನ ಒಂದು ಪಕ್ಕ ಹೆಡ್‌ಮೇಷ್ಟ್ರು, ಇನ್ನೊಂದು ಪಕ್ಕ ಚಲುವಮ್ಮ. ಹೇಳಿಕೊಟ್ಟವಳು ನಾನೆಂಬ ಒಂದೇ ಮಾತು ಸಾಕಿತ್ತು. ಸೆರಗು ಎಳೆದುಕೊಂಡು ಹಿತ್ತಿಲ ದಾರಿಯಲ್ಲಿ ಮನೆಗೆ ನಡೆದೆ. ಮಧ್ಯಾಹ್ನ ನೀನು ಬಂದು ಎಂದಿನಂತೆ ತಟ್ಟೆ ಹಾಕಿ, "ಅತ್ತೆ, ಇನ್ನೊಂಚೂರು ಸಾರು ಬಿಡ್ಲಾ?" ಎಂದು ಕೇಳಿದೆ. ನೀನು ಕೂಗಾಡಿದ್ದರೆ ನಾನೂ ಎದುರು ಕೂಗಾಡಿ ಹಗುರಾಗುತ್ತಿದ್ದೆ. ಮರುದಿನವೇ ನೀನು ತವರಿಗೆ ಹೊರಟೆ. ಬಚ್ಚಲಲ್ಲಿ ನನಗಾದ ಆ ಸಂತೋಷವನ್ನು ಆ ಮಕ್ಕಳಿಗೆ ಕೊಡಬೇಕೆಂದು ನೀನು ತಿಂಗಳುಗಟ್ಟಲೆ ಕಲಿತೆ. ನಾನು ಹುರಿಗಡಲೆ ಕೊಟ್ಟು ಅದನ್ನು ಕಿತ್ತುಕೊಂಡೆ.

ಈ ಮನೆಯಲ್ಲಿ ಅತ್ತೆಯಾದವಳು ಸೊಸೆಯೆದುರು ತಲೆ ತಗ್ಗಿಸಿದ್ದನ್ನು ನಾನು ಕಂಡಿಲ್ಲ. ಹೇಗೆ ತಗ್ಗಿಸುವುದೋ ತಿಳಿಯದು. ತಿಳಿಯದೆಯೇ ಬರೆದಿದ್ದೇನೆ, ಹಾಗೇ ಓದಿಕೊ.

ನಿಮ್ಮ ತಂದೆತಾಯಿಗೆ ನನ್ನ ಶರಣು ತಿಳಿಸು. ನಂಜುಂಡೇಶ್ವರ ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಚನ್ನಾಜಮ್ಮ

ಶನಿವಾರ ಬೆಳಿಗ್ಗೆ ಸೇರಿಸಿದ್ದು: ನಿನಗೆ ತಲುಪಿಸಲು ಬಸವೇಶ ಬೈಕಿನ ಮೇಲೆ ಕೂತು, ಕಾಗದ ಕೊಡವ್ವ ಎಂದು ಕೂಗುತ್ತಿದ್ದಾನೆ. ನಿನ್ನೆ ನಾನು ಮೈಸೂರಿಗೆ, ನಿಮ್ಮ ವಿಶ್ವವಿದ್ಯಾಲಯಕ್ಕೇ ಹೋಗಿದ್ದೆ. ನಿನ್ನ ಜೊತೆಯ ಹುಡುಗಿಯರೆಲ್ಲ ಅಲ್ಲೇ ಇದ್ದರು. ಅವರೆದುರೇ ಇಂದ್ರಾಣಿ ಮೇಡಂಗೆ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಸೊಸೆಗೋಸ್ಕರ ಸುಳ್ಳು ಹೇಳೋ ಅತ್ತೇನ ನಾನಿನ್ನೂ ನೋಡಿಲ್ಲಮ್ಮ, ಇದು ನಿಜವೇ ಇರ್ಬೇಕು" ಅಂದರು. ಹುಡುಗಿಯರು ಕಿಸಕ್ಕೆಂದರು. ನಾನು ನಿಂತೇ ಇದ್ದೆ. ಮಂಗಳವಾರ ಹತ್ತೂವರೆಗೆ ನರಸೀಪುರದ ಶಾಲೆಯಲ್ಲಿ ನಿನಗೆ ಮತ್ತೊಂದು ಪಾಠ ಕೊಟ್ಟಿದ್ದಾರೆ. ಹೆಮ್ಮಿಗೆಯಿಂದಲೇ ಹೋಗು, ಹತ್ತಿರವಾಗುತ್ತದೆ. ನಾನು ಆ ಊರಿನ ಕಡೆ ತಲೆ ಹಾಕುವುದಿಲ್ಲ. ಮಕ್ಕಳು ತಪ್ಪು ಹೇಳಿದರೆ ಹೇಳಲಿ, ನೀನು ಹೆದರಬೇಡ.