ಏಳನೆಯ ಕೋಷ್ಟಕ

ತುಮಕೂರು
೩-೧೨-೧೯೭೮, ಭಾನುವಾರ

ಪ್ರೀತಿಯ ಉಮಾ,

ನಿನ್ನ ಕಾಗದ ಬಂದು ಐದು ವಾರವಾಯಿತು. ಕವರಿನ ಮೇಲೆ 'ಡಾಕ್ಟರ್ ವನಜಾಕ್ಷಿ' ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೆಯಲ್ಲ, ಪೋಸ್ಟ್‌ಮ್ಯಾನ್ ಮಾರನೆಯ ದಿನ ಹೆಂಡತಿಯ ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದ. ನಾನು ಅಂಥ ಡಾಕ್ಟರಲ್ಲ ಎಂದರೆ, 'ಮತ್ತೆ ಎಂಥ ಡಾಕ್ಟ್ರಮ್ಮ ನೀವು' ಎಂದು ಕೇಳಿದ.

ತಡವಾದದ್ದಕ್ಕೆ ಬೈದುಕೊಂಡಿರುತ್ತೀಯ, ಬೈಯಬೇಕಾದದ್ದೇ. ಮೂರು ಸಲ ಇನ್‌ಲ್ಯಾಂಡ್ ಲೆಟರ್ ಬಿಡಿಸಿಕೊಂಡು ಕೂತೆ. ಮೂರು ಸಲವೂ 'ನಿನ್ನ ಅಭಿನಂದನೆ ತಲುಪಿತು, ಸಂತೋಷ' ಎನ್ನುವಲ್ಲಿಗೆ ಬಂದಾಗ ನನ್ನ ಮೇಲೆ ನನಗೇ ಹೇಸಿಗೆಯಾಗಿ ಹರಿದುಹಾಕಿದೆ. ಇವತ್ತು ಬಿಳಿ ಹಾಳೆ ತೆಗೆದುಕೊಂಡಿದ್ದೇನೆ, ಎಷ್ಟು ಪುಟವಾದರೂ ಆಗಲಿ. ನಿನ್ನ ಪುಟ್ಟಿಗೆ ಎರಡು ಹಲ್ಲು ಬಂದಿವೆ ಎಂದು ಓದಿದ್ದು ಈ ವರ್ಷ ನಾನು ಕೇಳಿದ ಒಂದೇ ಶುದ್ಧವಾದ ಸುದ್ದಿ.

ನೀನು ಗಿಡಮರ ಓದಿದವಳು. ಆರು ವರ್ಷ ನಾನು ಏನು ಮಾಡಿದೆ ಎಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ನನ್ನ ಪಿಎಚ್.ಡಿ. ವಿಷಯ ಆಕ್ಟ್ರಾಯ್, ಎಂದರೆ ಊರೊಳಗೆ ಬರುವ ಸಾಮಾನಿನ ಮೇಲೆ ಊರ ಬಾಗಿಲ ಗೇಟಿನಲ್ಲಿ ಹಿಡಿಯುವ ಸುಂಕ. ಅದನ್ನು ಇಟ್ಟುಕೊಳ್ಳಬೇಕೋ ತೆಗೆದುಹಾಕಬೇಕೋ ಎಂದು ಪಂಡಿತರಲ್ಲಿ ದೊಡ್ಡ ಜಗಳ. ನಾನು ಕಾಲೇಜಿನ ಪಾಠ ಮುಗಿಸಿಕೊಂಡು ತುಮಕೂರು, ಗುಬ್ಬಿ, ಕುಣಿಗಲ್ ಸೇರಿ ಐದು ಊರಿನ ಗೇಟುಗಳಲ್ಲಿ ನೋಟ್‌ಬುಕ್ಕು ಹಿಡಿದು ಕೂರುತ್ತಿದ್ದೆ. ಪ್ರಬಂಧದಲ್ಲಿ ಆ ಊರುಗಳಿಗೆ ಎ, ಬಿ, ಸಿ, ಡಿ, ಇ ಎಂದು ಹೆಸರು. ಬಿ ಯಾವುದೆಂದು ಇಲ್ಲೂ ಬರೆಯುವುದಿಲ್ಲ. ಮೈಸೂರಿನ ಹಾಸ್ಟೆಲ್ಲಿನಿಂದ ರಜೆಗೆ ನನ್ನ ಜೊತೆ ಬಂದು ಅಪ್ಪನ ಗೇಟಿನ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿಂದವಳು ನೀನು, ನಿನಗೆ ಗೊತ್ತು.

'ಸುಂಕದವನ ಮುಂದೆ ಸುಖದುಃಖ' ಎಂದು ಗಾದೆ ಮಾಡಿದವರು ನಮ್ಮಪ್ಪ ಚಿಕ್ಕಬೀರಯ್ಯನನ್ನು ನೋಡಿರಲಿಲ್ಲ. ಇಡೀ ಊರು ಅವನ ಮುಂದೆಯೇ ಸುಖದುಃಖ ಹೇಳಿಕೊಳ್ಳುತ್ತಿತ್ತು. ಮನೆಖರ್ಚಿನ ತಲೆಹೊರೆಗೆ ಸುಂಕವಿಲ್ಲ ಎಂದು ಗೇಟಿನ ನಿಯಮ. ಆದ್ದರಿಂದ ಕೊಬ್ಬರಿಯ ಗಾಡಿಗಳು ಒಂದು ಫರ್ಲಾಂಗು ಆಚೆಗೆ ಹೊಂಗೆಮರದ ಕೆಳಗೆ ನಿಲ್ಲುತ್ತಿದ್ದವು. ಹತ್ತು ಹನ್ನೆರಡು ಹೆಂಗಸರು ಅದೇ ಕೊಬ್ಬರಿಯನ್ನು ಮಂಕರಿಯಲ್ಲಿ ಹೊತ್ತು, ಮನೆಖರ್ಚಿನದು ಎಂಬಂತೆ ಗೇಟು ದಾಟಿಸಿ, ಒಂದು ಸುತ್ತಿಗೆ ಇಷ್ಟು ಎಂದು ವ್ಯಾಪಾರಿಯಿಂದ ಪುಡಿಗಾಸು ಪಡೆಯುತ್ತಿದ್ದರು. ಅಪ್ಪನಿಗೆ ಎಲ್ಲ ಗೊತ್ತು. ಒಂದು ಕೊಬ್ಬರಿ ಗಿಟಕನ್ನೂ ಮುಟ್ಟಿದವನಲ್ಲ. 'ತಲೆ ಮ್ಯಾಲೆ ಹೊತ್ಕೊಂಡು ಬಂದೋಳ್ನ ನಿಲ್ಸಿ ಇಳ್ಸು ಅನ್ನೋಕೆ ನನ್ ನಾಲ್ಗೆ ಏಳಲ್ಲ ಕಣವ್ವ' ಎನ್ನುತ್ತಿದ್ದ.

ಆದರೆ ಎಣಿಸುತ್ತಿದ್ದ. ಅವನಿಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತ 'ಹಿಡಿದದ್ದನ್ನು ಪುಸ್ತಕದಲ್ಲಿ ಬರಿ, ಬಿಟ್ಟದ್ದನ್ನು ಎಣಿಸಿ ಇಟ್ಟುಕೊ' ಎಂದಿದ್ದನಂತೆ. ಒಂದು ಹೊರೆ ಹೋದರೆ ಡಬ್ಬಿಗೆ ಒಂದು ಹುಣಸೆಬೀಜ. ಸಾಯಂಕಾಲ ಬೀಜ ಎಣಿಸಿ, ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಅಂಕಿ ಬರೆಯುತ್ತಿದ್ದ. ಎಂಟು ವರ್ಷದ ಎಂಟು ಕ್ಯಾಲೆಂಡರು ಒಂದೇ ಮೊಳೆಗೆ ನೇತುಹಾಕಿದ್ದ. ನಾನು ಸಂಶೋಧನೆ ಶುರುಮಾಡಿದ ವರ್ಷ ಅವನ್ನು ತಾನೇ ಇಳಿಸಿ, ಧೂಳು ಕೊಡವಿ ಕೊಟ್ಟು, 'ನಿನ್ ಓದಿಗೆ ಬತ್ತದಾ ನೋಡು' ಎಂದ.

ಬಂದೇ ಬಂತು. ಅದೇ ನನ್ನ ಪ್ರಬಂಧದ ಏಳನೆಯ ಕೋಷ್ಟಕ. ಸುಂಕದ ವಿಷಯದಲ್ಲಿ ಹಿಡಿದ ಹಣದ ಅಂಕಿ ಎಲ್ಲರ ಹತ್ತಿರವೂ ಇರುತ್ತದೆ, ಬಿಟ್ಟದ್ದರ ಅಂಕಿ ಯಾರ ಹತ್ತಿರವೂ ಇರುವುದಿಲ್ಲ. ನನ್ನ ಮಾರ್ಗದರ್ಶಕರಾದ ಪ್ರೊಫೆಸರ್ ಅನಂತರಾಮಯ್ಯನವರು ಕ್ಯಾಲೆಂಡರು ನೋಡಲು ನಮ್ಮ ಮನೆಗೇ ಬಂದರು, ಎಳನೀರು ಕುಡಿದರು, ಬೇರೇನೂ ಮುಟ್ಟಲಿಲ್ಲ. 'ವನಜಾಕ್ಷಿ, ಇದು ಚಿನ್ನದ ಗಣಿ' ಎಂದರು. ಅಪ್ಪನ ಬೀಜಕ್ಕೆ ಅವರು ಇಟ್ಟ ಹೆಸರು 'ಸೋರಿಕೆ'. ಪ್ರಬಂಧ ಒಪ್ಪಿಸುವಾಗ ಕೃತಜ್ಞತೆಯ ಪುಟದಿಂದ ಅಪ್ಪನ ಹೆಸರನ್ನು ಅವರೇ ಹೊಡೆದುಹಾಕಿದರು. ತಂದೆ ಎಂದು ಬಂದರೆ ಪಕ್ಷಪಾತದ ವಾಸನೆ ಬರುತ್ತದಂತೆ. ನನಗೆ ಆ ಗೀಟು ಬಹಳ ದಿನ ಚುಚ್ಚಿತು.

ಅದಕ್ಕೇ ಆ ಪೆದ್ದು ಕೆಲಸ ಮಾಡಿದೆ. ಈ ಜುಲೈನಲ್ಲಿ ಇಲ್ಲೇ ತುಮಕೂರಿನಲ್ಲಿ ತೆರಿಗೆ ನೀತಿಯ ಬಗ್ಗೆ ಎರಡು ದಿನದ ವಿಚಾರ ಸಂಕಿರಣ ನಡೆಯಿತು. ಏಳನೆಯ ಕೋಷ್ಟಕದ ಮೇಲೆ ನನ್ನದೊಂದು ಲೇಖನವಿತ್ತು. ಸೈಕ್ಲೋಸ್ಟೈಲ್ ಮಾಡಿಸಲು ಕೊಡುವಾಗ ಕೊನೆಯ ಪುಟದಲ್ಲಿ ನಾನೇ ಒಂದು ಸಾಲು ಸೇರಿಸಿದೆ: 'ಎಂಟು ವರ್ಷ ಒಂದು ದಿನವೂ ತಪ್ಪದೆ ಎಣಿಸಿದ ನನ್ನ ತಂದೆ, ಗೇಟು ಗುಮಾಸ್ತ ಚಿಕ್ಕಬೀರಯ್ಯನವರಿಗೆ.' ಅಪ್ಪನ ಹೆಸರು ಅಚ್ಚಾದ ಹಾಳೆ ನೋಡಿ ಅವತ್ತು ಕಣ್ಣು ಮಂಜಾಯಿತು. ಐದು ಊರಿಗೂ ಅಕ್ಷರದ ಮುಸುಕು ಹಾಕಿ, ಒಂದು ಊರಿನ ಮುಸುಕನ್ನು ನಾನೇ ಎತ್ತಿಟ್ಟಿದ್ದೇನೆ ಎಂದು ಹೊಳೆಯಲೇ ಇಲ್ಲ.

ಸಂಕಿರಣದ ಕಥೆ ಕೇಳು, ಊಟ ಮಾಡಿದ್ದರೆ ಆಮೇಲೆ ಓದು. ನಮ್ಮ ಪ್ರೊಫೆಸರು ಎದ್ದು, 'ಗೇಟು ಇರುವ ತನಕ ಸೋರಿಕೆ ಇದ್ದೇ ಇರುತ್ತದೆ, ಏಳನೆಯ ಕೋಷ್ಟಕ ನೋಡಿ, ಗೇಟು ತೆಗೆಯಿರಿ' ಎಂದರು. ಎದುರು ಪಕ್ಷದ ಪ್ರೊಫೆಸರ್ ವೆಂಕಟೇಶಯ್ಯನವರು ಎದ್ದು, 'ಸೋರುವುದು ಗೇಟಿನಿಂದಲ್ಲ, ಗುಮಾಸ್ತನಿಂದ, ಅದೇ ಕೋಷ್ಟಕ ನೋಡಿ, ಗುಮಾಸ್ತನನ್ನು ತೆಗೆಯಿರಿ' ಎಂದರು. ಚಪ್ಪಾಳೆ ಇಬ್ಬರಿಗೂ ಬಿತ್ತು. ಎರಡು ದಿನದಲ್ಲಿ 'ಹೊರೆ' ಎಂಬ ಮಾತು ನೂರು ಸಲ ಬಂದಿರಬೇಕು, ಹೊತ್ತವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಪ್ರಬಂಧ ಬರೆದ ನಾನೂ ಹೇಳಲಿಲ್ಲ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ಇಲ್ಲಿ ಜಗಳವೂ ಸುಳ್ಳು. ಮಧ್ಯಾಹ್ನ ಇಬ್ಬರೂ ಅಕ್ಕಪಕ್ಕದ ಎಲೆಗೇ ಕೂತರು.

ನಾನು ಎದುರು ಪಂಕ್ತಿಯಲ್ಲಿದ್ದೆ. ಕೊನೆಯ ಪುಟವನ್ನು ಓದದ ವೆಂಕಟೇಶಯ್ಯನವರು ಮೈಸೂರುಪಾಕು ಮುರಿಯುತ್ತಾ, 'ಅಲ್ರೀ, ಆ ಬಿ ಊರಿನ ಗುಮಾಸ್ತ ಎಷ್ಟು ಹೊಡೆದಿರಬಹುದು' ಎಂದರು. ನಮ್ಮ ಪ್ರೊಫೆಸರು, ಆ ಎಳನೀರು ಕುಡಿದ ಮನುಷ್ಯ, ನಕ್ಕರು. 'ಒಂದು ಮನೆ ಕಟ್ಟಿಸಿರ್ತಾನೆ ಬಿಡಿ' ಎಂದರು. ಹಾಗೆಂದ ಮೇಲೆ ನನ್ನ ಕಡೆ ಒಮ್ಮೆ ನೋಡಿ, ಮಜ್ಜಿಗೆ ಬಡಿಸುವವನನ್ನು ಕರೆದರು. ನಮ್ಮ ಮನೆಯ ಸೂರು ಎರಡು ಕಡೆ ಕುಸಿದಿರುವುದನ್ನು ಕಣ್ಣಾರೆ ಕಂಡವರು. ನಾನು ಎಲೆ ಬಿಟ್ಟು ಏಳಬೇಕಿತ್ತು. ಏಳಲಿಲ್ಲ. ಪೂರ್ತಿ ಊಟ ಮಾಡಿದೆ, ಆ ಮೈಸೂರುಪಾಕಿನ ಜಿಡ್ಡು ಇವತ್ತಿಗೂ ಅಂಗುಳದಲ್ಲಿ ಅಂಟಿಕೊಂಡಿದೆ.

ಲೇಖನದ ಪ್ರತಿಗಳು ಬಂದವರಿಗೆಲ್ಲ ಹೋದವು. ಅವರಲ್ಲೊಬ್ಬ ಆಡಿಟ್‌ನವನಿದ್ದ, ಕೊನೆಯ ಪುಟದಿಂದ ಓದಲು ಶುರುಮಾಡುವ ಜಾತಿ. ಆಗಸ್ಟಿನಲ್ಲಿ ಅಪ್ಪನಿಗೆ ನೋಟೀಸು ಬಂತು: ಎಂಟು ವರ್ಷ ಗೊತ್ತಿದ್ದೂ ಹೊರೆಗಳನ್ನು ಬಿಟ್ಟದ್ದು ನಿಜವೇ? ನಾನು ಪ್ರೊಫೆಸರ ಮನೆಗೆ ಓಡಿದೆ. 'ಏಳನೆಯ ಕೋಷ್ಟಕ ಅಂದಾಜಿನದು, ಆಧಾರವಲ್ಲ ಎಂದು ಒಂದು ಕಾಗದ ಕೊಡಿ ಸಾರ್, ಅಪ್ಪನ ಕೆಲಸ ಉಳಿಯುತ್ತದೆ' ಎಂದೆ. ಅವರು ಕನ್ನಡಕ ಒರೆಸುತ್ತಾ, 'ಕೊಡಬಹುದಮ್ಮ. ಆದರೆ ಆಮೇಲೆ ನಿಮ್ಮ ಪ್ರಬಂಧದಲ್ಲಿ ಉಳಿಯುವುದು ಏನು' ಎಂದರು. ಪ್ರಬಂಧದ ವೈವಾ ಅಕ್ಟೋಬರ್ ಇಪ್ಪತ್ತೊಂದಕ್ಕೆ ನಿಗದಿಯಾಗಿತ್ತು. ನಾನು ಕಾಫಿ ಕುಡಿದು ಎದ್ದು ಬಂದೆ.

ಅಕ್ಟೋಬರ್ ನಾಲ್ಕಕ್ಕೆ ವಿಚಾರಣೆ. ಅಪ್ಪನ ಜೊತೆಯ ಗುಮಾಸ್ತ ಮಹಾದೇವಯ್ಯ ದಾರಿ ಹೇಳಿಕೊಟ್ಟಿದ್ದನಂತೆ: 'ಎಣಿಸ್ಲೇ ಇಲ್ಲ, ಮಗಳು ಓದಿಗೆ ಕೇಳಿದ್ಲು, ಬಾಯಿಗ್ ಬಂದಿದ್ ಹೇಳ್ದೆ ಅಂದ್ಬುಡು ಬೀರಣ್ಣ. ಯಾರ್ ತಾನೆ ನೋಡವ್ರೆ.' ಅಪ್ಪ ಹಾಗೆ ಹೇಳಲಿಲ್ಲ. ಎಂಟು ಕ್ಯಾಲೆಂಡರನ್ನೂ ಮೇಜಿನ ಮೇಲಿಟ್ಟು, ಅಂಕಿ ತನ್ನದೇ, ಎಣಿಕೆ ಸರಿಯಾಗಿದೆ ಎಂದು ಬರೆದು ಸಹಿ ಹಾಕಿ ಬಂದ. ಅಪ್ಪನ ಹಟ ನಿನಗೆ ಗೊತ್ತಲ್ಲ. ನವೆಂಬರ್ ಹತ್ತಕ್ಕೆ ಡಿಸ್ಮಿಸ್ ಆರ್ಡರು ಬಂತು, ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

ಹೋದ ವಾರ ಊರಿಗೆ ಹೋಗಿದ್ದೆ. ಅಪ್ಪ ಗೇಟಿನ ಕಡೆಯ ರಸ್ತೆ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿ ಅಂಗಡಿಗೆ ಹೋಗುತ್ತಾನೆ. ಹೊಸ ಗುಮಾಸ್ತ ಹೆಂಗಸರ ಹೊರೆಯನ್ನೆಲ್ಲ ಇಳಿಸಿ ನೋಡುತ್ತಾನೆ, ಹಾಗಾಗಿ ಗಾಡಿಗಳು ಸುಂಕ ಕೊಟ್ಟು ನೇರ ಒಳಗೆ ಬರುತ್ತಿವೆ. ಹೊರೆ ಹೊರುತ್ತಿದ್ದ ರಂಗಲಕ್ಷ್ಮಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಗೇಟಿನಲ್ಲಿ ಕೂತಿರುತ್ತಿದ್ದಾಗ ನನಗೆ ಅದೆಷ್ಟು ಸಲ ನೀರು ತಂದುಕೊಟ್ಟವಳು. ಬೈಯುತ್ತಾಳೆ ಎಂದುಕೊಂಡೆ. 'ದೊಡ್ಡ ಪಾಸು ಮಾಡಿದ್ಯಂತೆ, ನಿಮ್ಮಪ್ಪ ಹೇಳ್ದ' ಎಂದು ಕೈ ಹಿಡಿದುಕೊಂಡು, 'ನಿನ್ ಬುಕ್ಕಲ್ಲಿ ನಾನು ಎಲ್ಲಿದೀನಿ, ಒಂದ್ಸಲ ತೋರ್ಸವ್ವ' ಎಂದಳು. ಇನ್ನೂರ ಎಂಬತ್ತು ಪುಟದಲ್ಲಿ ಎಲ್ಲೆಂದು ತೋರಿಸಲಿ? ಬಸ್ಸು ಬಂತೆಂದು ಹತ್ತಿಕೊಂಡೆ, ಅದು ನನ್ನ ಬಸ್ಸೂ ಆಗಿರಲಿಲ್ಲ.

ಪ್ರೊಫೆಸರು ಈಗ ಏಳನೆಯ ಕೋಷ್ಟಕವನ್ನು ತಮ್ಮ ಹೊಸ ಪುಸ್ತಕದಲ್ಲಿ ಹಾಕಿಕೊಳ್ಳುತ್ತಿದ್ದಾರೆ, ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಇರುತ್ತದಂತೆ. ಗೇಟು ಇನ್ನೂ ಅಲ್ಲೇ ಇದೆ. ಈ ವಿದ್ವಾಂಸರ ಮುಖ ಕಂಡರೆ ಓಕರಿಕೆ ಬರುತ್ತದೆ ಕಣೇ. ನಾಳೆ ಬೆಳಗ್ಗೆ ಫಸ್ಟ್ ಬಿ.ಎ.ಗೆ 'ಉತ್ತಮ ತೆರಿಗೆಯ ಲಕ್ಷಣಗಳು' ಪಾಠ ಮಾಡಬೇಕು.

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೆ ಅವಳ ಎರಡು ಹಲ್ಲಿಗೂ ಸೇರಿ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ಆದರೆ ಮನೆಯವರ ಮೇಲೆ ಕಾಲಿಟ್ಟು ಓದದಿರಲಿ.

ಇಂತಿ ನಿನ್ನ
ವನಜ

ವಿ.ಸೂ.: ಕಾಗದ ಮಡಿಸಿ, ಅಂಟು ಹಚ್ಚಿ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಡೆದದ್ದೇ, ಆದರೆ ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ಬರೆದಿದ್ದೇನೆ. ಅಪ್ಪನದು ಹಟವಲ್ಲ. ವಿಚಾರಣೆಯ ಹಿಂದಿನ ಭಾನುವಾರ ಅವನು ಒಂದು ಚೀಲ ಹಸಿ ಕಡಲೆಕಾಯಿ ಹೊತ್ತು ನನ್ನ ರೂಮಿಗೆ ಬಂದಿದ್ದ. ಕ್ಯಾಲೆಂಡರುಗಳು ನನ್ನ ಹತ್ತಿರ ಇದ್ದವು. ಮಹಾದೇವಯ್ಯ ಹೇಳಿಕೊಟ್ಟದ್ದನ್ನು ಹೇಳಿ, 'ಎಣಿಸ್ಲಿಲ್ಲ ಅಂತ ನಾನಂದ್ರೆ ನಿನ್ ಬುಕ್ಕಿಗೆ ಏನಾರ ಆಯ್ತದಾ ಮಗ' ಎಂದು ಕೇಳಿದ. ಏನೂ ಆಗುವುದಿಲ್ಲ ಎಂದು ನಾನು ಅನ್ನಬೇಕಿತ್ತು. 'ಅಪ್ಪ, ನೀನು ಯಾವತ್ತೂ ಸುಳ್ಳು ಹೇಳಿದವನಲ್ಲ. ನಿಜಾನೇ ಹೇಳು' ಎಂದೆ. 'ಅದೂ ಸರೀನೇ' ಎಂದು ತಲೆ ಬಗ್ಗಿಸಿ ಕಡಲೆಕಾಯಿ ಸುಲಿಯುತ್ತಾ ಕೂತ. ಎಂಟು ಕ್ಯಾಲೆಂಡರನ್ನೂ ಸುರುಳಿ ಸುತ್ತಿ, ದಾರ ಕಟ್ಟಿ, ಅವನ ಚೀಲಕ್ಕೆ ಹಾಕಿ ಬಸ್ಸು ಹತ್ತಿಸಿದವಳು ನಾನೇ.

ವೈವಾದಲ್ಲಿ ಪರೀಕ್ಷಕರು, ಏಳನೆಯ ಕೋಷ್ಟಕದ ಅಂಕಿಗಳನ್ನು ನಂಬುವುದು ಹೇಗೆ ಎಂದು ಕೇಳಿದರು. ಅದರ ಹಿಂದಿನ ವಾರವೇ ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. 'ಇಲಾಖೆಯ ವಿಚಾರಣೆಯಲ್ಲಿ ಅಂಕಿ ಸರಿಯೆಂದು ಆ ಗುಮಾಸ್ತರೇ ಒಪ್ಪಿ ಸಹಿ ಹಾಕಿದ್ದಾರೆ ಸಾರ್' ಎಂದೆ. ವೆರಿ ಗುಡ್ ಎಂದು ಮುಂದಿನ ಪುಟ ತಿರುಗಿಸಿದರು. ಆ ಗುಮಾಸ್ತರು ಎಂದೆ, ಉಮಾ. ನಮ್ಮಪ್ಪ ಎನ್ನಲಿಲ್ಲ.