ಹೆಸರು ಗೊತ್ತಿಲ್ಲ ಎಂದೆ

ಮೆಡೋಲ್ಯಾಂಡ್ಸ್, ಸೊವೆಟೊ
೨೭ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಮಮೆಲೊ,

ಈ ಕಾಗದವನ್ನು ಪೂರ್ತಿ ಓದುವ ಮನಸ್ಸು ನಿನಗೆ ಇರಲಾರದು. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಬರೆಯುತ್ತೇನೆ. ನಿನ್ನೆ ಸಭೆಯಲ್ಲಿ ನಾನು ನಿನ್ನ ಅಪ್ಪನ ಹೆಸರು ಹೇಳಲಿಲ್ಲ. ನೀನು ನಿಶ್ಚಿಂತೆಯಾಗಿರು.

ಕಳೆದ ಭಾನುವಾರ ನಿನ್ನ ಗೇಟಿನ ಹೊರಗೆ ನಿಂತು ನಾನು ಏನು ಹೇಳಿದೆನೋ, ನೀನು ಏನು ಕೇಳಿಸಿಕೊಂಡೆಯೋ! ಸಮಾಧಾನವಾಗಿ ಬರೆದರೆ ಅರ್ಥವಾದೀತು ಎಂಬ ಆಸೆ. ಎರಡು ತಿಂಗಳ ಹಿಂದೆ ನಗರದ ಕಚೇರಿಯಿಂದ ರೆಫಿಲ್ವೆ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ನಮ್ಮಂಥವರ ಪ್ರೈಡ್ ದಿನವನ್ನು ಇನ್ನು ಮುಂದೆ ಸರ್ಕಾರಿ ಮರ್ಯಾದೆಯಿಂದಲೇ ಆಚರಿಸುತ್ತಾರಂತೆ. ತೊಂಬತ್ತರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ನಡೆದ ಮೊದಲ ಮೆರವಣಿಗೆಯ ಒಂದು ಫೋಟೊವನ್ನು ಸಭಾಂಗಣದಲ್ಲಿ ತೂಗುಹಾಕುತ್ತಾರಂತೆ. ಅದರಲ್ಲಿ ಇಬ್ಬರು ಕೈ ಹಿಡಿದು ನಡೆಯುತ್ತಿದ್ದಾರೆ. ಬರೀ ಮುಖದವನು ನಾನು. ಪಕ್ಕದವನ ತಲೆಗೆ ಕಂದು ಕಾಗದದ ಚೀಲ, ಕಣ್ಣಿಗೆ ಎರಡು ತೂತು. "ಇವರು ಯಾರು ಹೇಳಿ, ಕೆಳಗೆ ಹೆಸರು ಹಾಕ್ತೀವಿ" ಎಂದಳು ರೆಫಿಲ್ವೆ.

ನಿನಗೆ ಅಪ್ಪ ಎಂದರೆ ಲೆಕ್ಕದ ಮೇಷ್ಟ್ರು ಸೆಲ್ಲೊ. ನಾನು ಎಂದರೆ ಶನಿವಾರ ಶನಿವಾರ ಮನೆಗೆ ಬಂದು, ನಿನ್ನ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡಿಕೊಡುತ್ತಿದ್ದ ದರ್ಜಿ ಮಾಮ. ಆ ಮೆರವಣಿಗೆಯ ಹೊತ್ತಿಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸಿ ನಾಲ್ಕು ವರ್ಷವಾಗಿತ್ತು. ಆಗಿನ ಕಾನೂನಿನಲ್ಲಿ ಅದಕ್ಕೆ ಜೈಲು. ಕೆಲಸ ಹೋದೀತೆಂದು ಹೆದರಿದವರಿಗೆ ಮೆರವಣಿಗೆಯವರೇ ಚೀಲ ಹಂಚುತ್ತಿದ್ದರು. ಸೆಲ್ಲೊ ಎಲ್ಲರಿಗಿಂತ ಮೊದಲು ಕೈ ಚಾಚಿದ.

"ನೀನೂ ಹಾಕ್ಕೊಳ್ಳೋ ಪೆದ್ದ" ಎಂದ.

"ನಂಗೆ ಉಸಿರು ಕಟ್ಟತ್ತೆ."

"ಇವತ್ತು ಉಸಿರು ಕಟ್ಟಿದ್ರೆ ಸಾಯಲ್ಲ ಕಣೋ. ನಾಳೆ ಪೇಪರಲ್ಲಿ ಈ ಮೂತಿ ಬಂದ್ರೆ ಸಾಯ್ತೀಯ."

ಅವನು ಹೇಳಿದಂತೆಯೇ ಆಯಿತು. ಪೇಪರಿನಲ್ಲಿ ಮುಖ ಬಂತು, ಅಣ್ಣ ನನ್ನ ಹೊಲಿಗೆ ಯಂತ್ರವನ್ನು ಬೀದಿಗೆಸೆದ. ಆದರೂ ಆ ದಿನ ಹಾಳಾಯಿತೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ನಿನ್ನ ಅಪ್ಪ ಹಾಡುಹಗಲಲ್ಲಿ ನನ್ನ ಕೈ ಹಿಡಿದದ್ದು ಅದೊಂದೇ ಸಲ. ಎರಡು ವರ್ಷದ ಮೇಲೆ ಬಂದು, "ಅಮ್ಮ ಹುಡುಗಿ ನೋಡಿದಾಳೆ" ಎಂದು ನೆಲ ನೋಡುತ್ತಾ ನಿಂತ. ಅವನ ಮದುವೆಯ ಸೂಟು ನಾನೇ ಹೊಲಿದೆ. ನಿನ್ನ ಅಮ್ಮ ಗುರುವಾರದ ಪ್ರಾರ್ಥನೆಗೆ ಹಾಕಿಕೊಳ್ಳುತ್ತಿದ್ದ ಕೆಂಪು ಜಾಕೆಟ್ಟೂ ನನ್ನದೇ ಹೊಲಿಗೆ.

ತೊಂಬತ್ತಾರರಲ್ಲಿ ಹೊಸ ಸಂವಿಧಾನ ಬಂದಾಗ, ಯಾರನ್ನು ಪ್ರೀತಿಸುತ್ತಾರೆ ಎಂಬ ಕಾರಣಕ್ಕೆ ಯಾರನ್ನೂ ಕೀಳಾಗಿ ಕಾಣಕೂಡದು ಎಂದು ಬರೆದಿದ್ದ ಪುಟವನ್ನು ಅವನಿಗೆ ಒಯ್ದು ಕೊಟ್ಟೆ. ಎರಡು ಸಲ ಓದಿದ. "ಬರೆದಿರೋದೇನೋ ಚೆನ್ನಾಗಿದೆ ಮೊಲೆಫಿ. ಸ್ಟಾಫ್ ರೂಮಲ್ಲಿ ಎದ್ದು ನಿಂತು ಇದನ್ನ ಓದೋರ್ ಯಾರು?" ಎಂದ. ಐದು ವರ್ಷಕ್ಕೆ ಅವನು ತೀರಿಹೋದ. ಇನ್ನೂ ಐದು ವರ್ಷಕ್ಕೆ ನಮ್ಮಂಥವರೂ ಮದುವೆಯಾಗಬಹುದೆಂಬ ಕಾನೂನು ಬಂತು. ಬೀದಿಯಲ್ಲಿ ಹುಡುಗರು ಕುಣಿದರು. ನಾನು ಬಾಗಿಲು ಹಾಕಿಕೊಂಡು ಯಾರದೋ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದೆ.

ನಿನ್ನನ್ನು ಕೇಳದೆ ಅವನ ಹೆಸರು ಕೊಡಬಾರದು ಅನ್ನಿಸಿದ್ದರಿಂದ ನಿಮ್ಮೂರು ಸೆಬೊಕೆಂಗಿಗೆ ಬಂದೆ. ನೀನು ಗೇಟು ತೆರೆಯಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದ ನಿನ್ನ ಅಮ್ಮ, "ಬಿಸಿಲಲ್ಲಿ ನಿಂತಿದಾರೆ, ಒಳಗಾದ್ರೂ ಕರಿಯೇ" ಎಂದರು. ನೀನು ತಿರುಗಿಯೂ ನೋಡಲಿಲ್ಲ.

"ನನ್ನ ಗಂಡ ಚರ್ಚಲ್ಲಿ ಹಿರಿಯ" ಎಂದೆ ನೀನು. "ಅಪ್ಪನ ಹೆಸರು ಆ ಗೋಡೆ ಮೇಲೆ ಬಂದ್ರೆ ನಾನು ಈ ಬೀದೀಲಿ ಹೆಂಗೆ ಓಡಾಡ್ಲಿ? ನನ್ನ ಮಕ್ಕಳನ್ನ ಏನಂತ ಕರೀತಾರೆ ಗೊತ್ತಾ ನಿಮಗೆ?"

ಗೊತ್ತು, ಮಮೆಲೊ. ಅರವತ್ತಮೂರು ವರ್ಷದಿಂದ ಗೊತ್ತು.

ಆಮೇಲೆ ನೀನು ಗೇಟಿನ ಚಿಲಕ ಹಿಡಿದು ಕೇಳಿದೆ. "ಅಷ್ಟೊಂದು ಪ್ರೀತಿ ಇದ್ದಿದ್ರೆ ಅಪ್ಪ ಸಾಯುವಾಗ ಎಲ್ಲಿದ್ರಿ? ಮೂರು ತಿಂಗಳು ಅವರ ಮೈ ಒರೆಸಿದ್ದು ನಮ್ಮಮ್ಮ. ಈಗ ಫೋಟೊಗೆ ಹೂ ಹಾಕ್ಸೋಕೆ ಬಂದಿದೀರಾ?"

ನಿನ್ನ ಅಮ್ಮ ಸೊಪ್ಪಿನಿಂದ ತಲೆ ಎತ್ತಲಿಲ್ಲ. ವ್ಯಾನು ಹತ್ತಿ ವಾಪಸು ಬಂದೆ.

ನಿನ್ನೆಯ ಸಭೆ ಚೆನ್ನಾಗಿಯೇ ನಡೆಯಿತು ಎನ್ನಬೇಕು. ಕಾಮನಬಿಲ್ಲಿನ ಬಾವುಟ, ಬ್ಯಾಂಡು, ಹೆಗಲಿಗೆ ಹೆಗಲು ತಾಗಿಸಿ ಕೂತ ಹುಡುಗ ಹುಡುಗಿಯರು. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಪರದೆ ಸರಿಸಿದಾಗ ಫೋಟೊ ಗೋಡೆಯಷ್ಟು ದೊಡ್ಡದು. ನನ್ನ ಬೆರಳುಗಳ ನಡುವೆ ಅವನ ಬೆರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ರೆಫಿಲ್ವೆ ಮೈಕು ಹಿಡಿದು, "ತಾತ, ನಿಮ್ಮ ಜೊತೆ ಇರೋದು ಯಾರು ಅಂತ ಎಲ್ಲರಿಗೂ ಹೇಳಿ" ಎಂದಳು. ನೂರಾರು ಮುಖಗಳು ನನ್ನ ಕಡೆಗೇ.

"ಗೊತ್ತಿಲ್ಲಮ್ಮ" ಎಂದೆ. "ಅವತ್ತು ಗುಂಪಲ್ಲಿ ಯಾರೋ ಕೈ ಹಿಡ್ಕೊಂಡ್ರು."

ಜನ ನಕ್ಕು ಚಪ್ಪಾಳೆ ತಟ್ಟಿದರು. ತಮಾಷೆಯ ಮುದುಕ ಅಂದುಕೊಂಡರು. ಫೋಟೊದ ಕೆಳಗೆ ಈಗ 'ಮೊಲೆಫಿ ತ್ಸೊಟೆಟ್ಸಿ ಮತ್ತು ಒಬ್ಬ ಅಪರಿಚಿತ' ಎಂದಿದೆ. ಅವನ ತಲೆಯ ಚೀಲವನ್ನು ಕಾನೂನು ಎಂದೋ ತೆಗೆದಿತ್ತು. ಮತ್ತೆ ಹಾಕಿದವನು ನಾನು. ಶಾಲು ಇನ್ನೂ ಕುರ್ಚಿಯ ಮೇಲೆ ಬಿದ್ದಿದೆ, ಮಡಚಿಡಲು ಕೈ ಏಳುತ್ತಿಲ್ಲ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಮಕ್ಕಳಿಗೆ ನನ್ನ ಆಶೀರ್ವಾದ. ಯಾರದೆಂದು ಹೇಳಬೇಕಾಗಿಲ್ಲ.

ಇತಿ,
ನೀನು ಒಂದು ಕಾಲಕ್ಕೆ ಮಾಮ ಎನ್ನುತ್ತಿದ್ದ
ಮೊಲೆಫಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಪ್ಪ ಸಾಯುವಾಗ ಎಲ್ಲಿದ್ದಿರಿ ಎಂದು ಕೇಳಿದೆಯಲ್ಲ, ನನ್ನ ಮನೆಯಲ್ಲೇ ಇದ್ದೆ. ಅವನು ತೀರಿಕೊಳ್ಳುವ ಎರಡು ದಿನ ಮೊದಲು ನಿನ್ನ ಅಮ್ಮ ಆಸ್ಪತ್ರೆಯಿಂದ ನೇರ ನನ್ನ ಬಾಗಿಲಿಗೆ ಬಂದಿದ್ದರು. "ನಂಗೆ ಎಲ್ಲಾ ಗೊತ್ತು. ನಿಮ್ಮನ್ನೇ ಕೇಳ್ತಿದಾರೆ, ಬನ್ನಿ" ಎಂದರು. ಅದು ಏಡ್ಸ್ ಎಂದು ಊರಿಗೆಲ್ಲ ಗೊತ್ತಿತ್ತು. ಆ ಮಂಚದ ಪಕ್ಕ ಕೂತರೆ ನನ್ನನ್ನೂ ಅದೇ ಕಣ್ಣಿನಿಂದ ನೋಡುತ್ತಾರೆಂದು ಹೆದರಿ, ಹೊಲಿಗೆ ತುಂಬ ಇದೆ, ನಾಳೆ ಬರುತ್ತೇನೆ ಎಂದೆ. ಹೋಗಲಿಲ್ಲ. ಆಗ ಯಾವ ಕಾನೂನೂ ನನ್ನನ್ನು ತಡೆದಿರಲಿಲ್ಲ. ನಿನ್ನ ಅಮ್ಮ ಇಪ್ಪತ್ತಮೂರು ವರ್ಷ ಇದನ್ನು ನಿನಗೆ ಹೇಳಿಲ್ಲ ಎಂಬುದು ನನಗೆ ತಿಳಿದದ್ದು ಅವತ್ತು, ನಿನ್ನ ಗೇಟಿನ ಹತ್ತಿರ.